ಹಲಗೆಯ ಬಲಗಡೆ

ಕಾಕುವಿನ ಬಲಗೈ ಕಿರುಬೆರಳು ನೆಟ್ಟಗಿರಲಿಲ್ಲ. ಮೇಲಿನ ಗೆಣ್ಣಿನ ಹತ್ತಿರ ಒಳಕ್ಕೆ ಬಾಗಿ ಕೊಕ್ಕೆಯ ಹಾಗೆ ನಿಂತಿತ್ತು. ಚಹಾದ ಬಟ್ಟಲು ಹಿಡಿದರೆ ಉಳಿದ ಬೆರಳೆಲ್ಲ ಬಟ್ಟಲಿಗೆ ಅಂಟಿಕೊಂಡಿರುತ್ತಿದ್ದವು, ಅದೊಂದು ಮಾತ್ರ ಹೊರಗೆ ಚಾಚಿಕೊಂಡು ಇರುತ್ತಿತ್ತು. ನಾನು ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸದವಳು. ಯಾವಾಗಲೋ ಬಿದ್ದು ಮುರಿದಿರಬೇಕು, ಸರಿಯಾಗಿ ಕೂಡಿಸಿಲ್ಲ ಎಂದುಕೊಂಡು ಒಂದು ದಿನ ನೋವಿನ ಎಣ್ಣೆ ಹಿಡಿದುಕೊಂಡು ಹೋದೆ. ಕಾಕು ಶೀಶೆ ಇಸಿದುಕೊಂಡು ಎಣ್ಣೆಯನ್ನು ಮೊಣಕಾಲಿಗೆ ಹಚ್ಚಿಕೊಂಡರು.

"ಬೆರಳಿಗೇನೂ ಆಗಿಲ್ಲ. ಅದಕ್ಕ ಈಗ ಕೆಲಸ ಇಲ್ಲ, ಅಷ್ಟೇ," ಅಂದರು.

ನಾನು ವರ್ಗವಾಗಿ ಬಸವಕಲ್ಯಾಣಕ್ಕೆ ಬಂದ ಹೊಸದು. ಮದುವೆಯಾಗದ, ನಲವತ್ತು ದಾಟಿದ ಹೆಂಗಸಿಗೆ ಬಾಡಿಗೆ ಮನೆ ಹುಡುಕುವುದು ಎಂಥ ಕೆಲಸ ಎಂದು ಹುಡುಕಿದವರಿಗೇ ಗೊತ್ತು. "ಯಜಮಾನ್ರು ಯಾವಾಗ ಬರ್ತಾರ್ರಿ?" ಎಂದು ಕೇಳುವುದು, ಬರುವವರು ಯಾರೂ ಇಲ್ಲ ಎಂದು ತಿಳಿದ ಮೇಲೆ ಕೋಣೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತು ಎನ್ನುವುದು. ಕಾಕು ಮಾತ್ರ ಬೇರೆಯದೇ ಪ್ರಶ್ನೆ ಕೇಳಿದರು.

"ನೀ ಮನ್ಯಾಗ ರೇಡಿಯೋ ಹಚ್ತೀ ಏನು?"

"ಇಲ್ರಿ, ನನಗ ಗದ್ದಲ ಸೇರೋದಿಲ್ಲ."

"ಹಚ್ಚು. ಮ್ಯಾಲಿಂದ ಯಾರದರ ಸಪ್ಪಳ ಕೇಳ್ಬೇಕು ನನಗ."

ಹೀಗೆ ಅವರ ಮಾಳಿಗೆಯ ಮೇಲಿನ ಕೋಣೆಗೆ ನಾನೂ ಒಂದು ರೇಡಿಯೋವೂ ಸೇರಿಕೊಂಡೆವು. ಇಡೀ ಓಣಿಗೆ ಅವರು ಕಾಕು, ಅಂದರೆ ಚಿಕ್ಕಮ್ಮ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಗಂಡ ತೀರಿಹೋಗಿದ್ದರು, ಮಕ್ಕಳಾಗಿರಲಿಲ್ಲ. ತವರು ಹುಲಸೂರದ ಕಡೆ. ಅಲ್ಲಿಯೂ ಹೋಗಿ ಎರಡು ದಿನ ಇರುವಂಥ ಮನೆ ಉಳಿದಿರಲಿಲ್ಲ. ಚಹಾ ಮಾತ್ರ ಅಷ್ಟು ಕೆಟ್ಟದಾಗಿ ಮಾಡುವವರನ್ನು ನಾನು ಮತ್ತೆ ಕಂಡಿಲ್ಲ. ಅದನ್ನು ಎದುರಿಗೇ ಹೇಳುತ್ತಿದ್ದೆ. ಅವರು, "ಹಂಗಾದ್ರ ನೀ ಮಾಡು," ಎಂದು ಅಡಿಗೆಮನೆ ಬಿಟ್ಟುಕೊಡುತ್ತಿದ್ದರು. ಆಮೇಲೆ ತಿಳಿಯಿತು, ಯಾರಾದರೂ ತನ್ನ ಅಡಿಗೆಮನೆಯಲ್ಲಿ ನಿಂತು ಚಹಾ ಕಾಸಲಿ ಎಂಬುದೇ ಅವರ ಆಸೆ.

ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಕಾಕು ಎಲ್ಲಿ ಕೂತರೂ ಎಡತುದಿಗೆ ಸರಿದು ಕೂಡುತ್ತಿದ್ದರು. ಕಟ್ಟೆಯ ಮೇಲೆ, ಹೊರಸಿನ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲ ಕಡೆಯೂ. ಬಲಗಡೆ ಇನ್ನೊಬ್ಬರು ಕೂಡುವಷ್ಟು ಜಾಗ ಖಾಲಿ. ನಾನು ಆ ಜಾಗದಲ್ಲಿ ಕೂಡಲು ಹೋದರೆ ಏನೂ ಅನ್ನುತ್ತಿರಲಿಲ್ಲ, ಆದರೆ ಎದ್ದು ಏನೋ ಕೆಲಸ ಹಚ್ಚಿಕೊಳ್ಳುತ್ತಿದ್ದರು. ಹಾಗಾಗಿ ನಾನು ಹೊಸ್ತಿಲ ಮೇಲೆ ಕೂಡುವುದನ್ನು ರೂಢಿ ಮಾಡಿಕೊಂಡೆ.

ಪಡಸಾಲೆಯಲ್ಲಿ ಒಂದು ಹಳೆಯ ಸೀರೆ ಹೊದ್ದುಕೊಂಡ ಉದ್ದನೆಯ ಮಗ್ಗವಿತ್ತು. ನೆಲಕ್ಕೆ ಹತ್ತಿರವಾಗಿ ಮಲಗಿಸಿದಂಥ, ಜಮಖಾನಿ ನೇಯುವ ಮಗ್ಗ. ಸೋಮವಾರಕ್ಕೊಮ್ಮೆ ಕಾಕು ಸೀರೆ ಸರಿಸಿ ಧೂಳು ಹೊಡೆದು ಮತ್ತೆ ಮುಚ್ಚುತ್ತಿದ್ದರು. ಕೆಳಗೆ ಕೆಂಪು ಮತ್ತು ನೀಲಿ ಬಣ್ಣದ ಅರ್ಧ ಜಮಖಾನಿ, ಅದರ ಮೇಲೆ ಅಡ್ಡಲಾಗಿ ಒಂದು ಹಲಗೆ. ಹಲಗೆಯ ಮೇಲೆ ಇಬ್ಬರು ಕೂತು ಸವೆದ ಎರಡು ನುಣುಪು ಗುರುತು. ಕಾಕು ಆ ಮಗ್ಗದಲ್ಲಿ ನೇಯುತ್ತಿರಲಿಲ್ಲ. ಗೋಡೆಗೆ ಆನಿಸಿದ ಸಣ್ಣ ಚೌಕಟ್ಟಿನಲ್ಲಿ ದೇವರ ಮುಂದೆ ಹಾಸಿಕೊಳ್ಳುವ ಚಿಕ್ಕ ಆಸನಗಳನ್ನು ಮಾತ್ರ ನೇಯುತ್ತಿದ್ದರು.

ಮಗ್ಗದ ಕಥೆಯನ್ನು ಓಣಿಯ ಹೆಂಗಸರು ಹೇಳಿದರು. ಅದು ಓಣಿಯ ಜಮಖಾನಿ. ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ತೊಟ್ಟಿಲಿಗಾಗಲಿ, ನಿಶ್ಚಯಕ್ಕಾಗಲಿ, ಮಣ್ಣಿಗಾಗಲಿ, ಮಂದಿ ಕೂಡುವ ಮನೆಗೆ ಎಲ್ಲಕ್ಕಿಂತ ಮೊದಲು ಓಣಿಯ ಜಮಖಾನಿ ಹೋಗಬೇಕು. ಅದು ಹಾಸಿದ ಮೇಲೆಯೇ ಬೀಗರು, ಬಂಧುಗಳು. ಹಳೆಯದು ಹರಿದಾಗ ಮನೆಗೊಂದು ಲಡಿ ನೂಲು ಕೂಡಿಸಿ ಹೊಸದು ನೇಯುವುದು. ಮಧ್ಯಾಹ್ನ ರೊಟ್ಟಿ ಕೆಲಸ ಮುಗಿಸಿ ಹೆಂಗಸರೆಲ್ಲ ಪಡಸಾಲೆಗೆ ಬಂದು, ತೊಗರಿ ಹಸನು ಮಾಡುತ್ತ, ಬೆಳ್ಳುಳ್ಳಿ ಸುಲಿಯುತ್ತ ಕೂಡುತ್ತಿದ್ದರಂತೆ. ಪ್ರತಿಯೊಬ್ಬರೂ ತಮ್ಮ ಮನೆಯ ನೂಲಿನಿಂದ ಒಂದು ಎಳೆಯನ್ನಾದರೂ ಕೈಯಾರೆ ಹಾಕಬೇಕು. ಉಳಿದ ನೇಯ್ಗೆ ಕಾಕು ಮತ್ತು ಅವರ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಎಡಕ್ಕೆ ಕಾಕು, ಬಲಕ್ಕೆ ನೆಗೆಣ್ಣಿ. ಮನೆ ಪಾಲಾದಾಗ ಮೈದುನ ಸಂಸಾರ ಎತ್ತಿಕೊಂಡು ಹುಮನಾಬಾದಕ್ಕೆ ಹೋದ. ಮಗ್ಗ ನಿಂತಿತು. ಮಗ್ಗ ನಿಂತ ಮೇಲೆ ಮಧ್ಯಾಹ್ನ ಬರುವವರೂ ನಿಂತರು. ಮಂದಿಗೆ ಈಗ ಪ್ಲಾಸ್ಟಿಕ್ ಕುರ್ಚಿಗಳು ಬಾಡಿಗೆಗೆ ಸಿಗುತ್ತವೆ.

"ಬ್ಯಾರೆ ಯಾರನ್ನರ ಕೂಡಿಸ್ಕೊಂಡು ಮುಗಿಸ್ಬಾರದೇನ್ರಿ ಕಾಕು?" ಎಂದು ನಾನು ಒಮ್ಮೆ ಕೇಳಿದೆ.

"ಆ ಜಾಗಾ ಖಾಲಿ ಇಲ್ಲ," ಅಂದರು ಕಾಕು.

ಹುಮನಾಬಾದ ಎಷ್ಟು ದೂರ? ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಬರುತ್ತದೆ. ಅಷ್ಟು ಹತ್ತಿರದ ಊರಿಗೆ ಇಬ್ಬರೂ ಅಷ್ಟು ವರ್ಷ ಹೋಗಲಿಲ್ಲ, ಬರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ನನಗಂತೂ ಮಾತು ಬಿಡಲಿಕ್ಕೂ ಯಾರೂ ಇರಲಿಲ್ಲ. ಇದ್ದವರು ಹೀಗೆ ಹಟ ಹಿಡಿದು ಕೂತರೆ ಹೇಗೆ ಅನಿಸುತ್ತಿತ್ತು.

ಒಂದು ಮುಂಜಾನೆ ನಾನು ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಕಾಕು ಮೊಬೈಲು ಹಿಡಿದುಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದರು. ಫೋನು ಮುಗಿದಿತ್ತು, ಆದರೂ ಕಿವಿಯ ಹತ್ತಿರವೇ ಹಿಡಿದಿದ್ದರು.

"ಹುಮನಾಬಾದಕ್ಕ ಬಸ್ ಎಷ್ಟೊತ್ತಿಗದ?" ಅಂದರು.

"ಯಾಕ್ರಿ?"

"ನಮ್ಮ ನೆಗೆಣ್ಣಿ ಹೋದಳಂತ. ಆಕಿ ಮಗಳು ಫೋನ್ ಮಾಡಿದ್ದಳು."

ನಾನು ರಜೆ ಹಾಕಿ ಜೊತೆಗೆ ಹೊರಟೆ. ಬಸ್ಸಿನಲ್ಲಿ ಕಾಕು ಎಂದಿನಂತೆ ಎಡತುದಿಗೆ ಸರಿದರು. ಬಲಗಡೆ ನಾನು ಕೂತೆ. ಬಸ್ಸಲ್ಲವೇ, ಎದ್ದು ಹೋಗಲು ಅಡಿಗೆಮನೆ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕುತ್ತಿಗೆಯನ್ನು ನನ್ನ ಕಡೆ ತಿರುಗಿಸಿದರು. ಅದು ಎಷ್ಟು ಸಲೀಸಾಗಿ ತಿರುಗಿತೆಂದರೆ, ಈ ಕುತ್ತಿಗೆ ಬಲಕ್ಕೆ ತಿರುಗಿ ಮಾತಾಡಿಯೇ ಬಾಳಿದ್ದು ಎಂದು ನನಗೆ ಆಗ ಹೊಳೆಯಿತು.

"ಪಾಲಿನ ಜಗಳ ಗಂಡಸರದು," ಅಂದರು. "ನಾ ಹಿಂದಿನ ಕೋಣಿ ನಮಗ ಇರ್ಲಿ ಅಂದೆ. ಅದಕ್ಕ ಆಕಿ, ಮಕ್ಕಳಿಲ್ಲ ಮರಿಗಳಿಲ್ಲ, ನಿನಗ್ಯಾಕ ಇಷ್ಟು ಮನಿ ಅಂದಳು. ಬಾಯಿ ತಪ್ಪಿ ಅಂದಳೋ, ಮನಸಿನಾಗ ಇತ್ತೋ, ಈಗ ಯಾರನ್ನ ಕೇಳ್ಲಿ? ಅವತ್ತಿಂದ ಮಾತು ಬಿಟ್ಟೆ."

"ಮಗ್ಗ?"

"ಮಗ್ಗ ಬಿಡ್ಲಿಲ್ಲ. ಓಣಿಯವರ ಕೆಲಸ ಅದು. ದಿನಾ ಬಂದು ಬಾಜೂಕ ಕೂಡ್ತಿದ್ದಳು. ನೇಯ್ದಿವಿ. ಆದ್ರ ನಡುವ ದಾರ ಕೂಡಿಸ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಕಾಕು ನನ್ನ ಸೆರಗು ತೊಡೆಯ ಮೇಲೆ ಹರಡಿ ತೋರಿಸಿದರು. ಜಮಖಾನಿಯಲ್ಲಿ ಒಬ್ಬೊಬ್ಬರದು ಒಂದೊಂದು ಬಣ್ಣ. ಎಡಗಡೆಯವರ ಕೆಂಪು ನಡುವಿನವರೆಗೆ ಬಂದು ಹಿಂದಕ್ಕೆ ಹೋಗುತ್ತದೆ, ಬಲಗಡೆಯವರ ನೀಲಿಯೂ ಹಾಗೆಯೇ. ಬಲಗಡೆಯವಳು ತಿರುಗುವಲ್ಲಿ ತನ್ನ ಎಳೆಯನ್ನು ತುಸು ಸಡಿಲು ಬಿಡಬೇಕು, ಒಂದು ಕುಣಿಕೆಯಷ್ಟು. ಎಡಗಡೆಯವಳು ಅದನ್ನು ಕಿರುಬೆರಳಿನಿಂದ ಎತ್ತಿ ತನ್ನ ಎಳೆಯನ್ನು ಅದರೊಳಗೆ ತೂರಿಸಿ ತಿರುಗಿಸಬೇಕು. ಹಾಗೆ ಮಾಡಿದರೆ ಎರಡು ಬಣ್ಣ ಒಂದು ಬಟ್ಟೆ. ಮಾಡದಿದ್ದರೆ ನಡುವೆ ಸೀಳು ಉಳಿಯುತ್ತದೆ.

"ಆಕಿ ಬಿಡ್ತಿದ್ದಳು. ನಾ ಎತ್ತಿಕೊಳ್ಳಲಿಲ್ಲ," ಅಂದರು ಕಾಕು. "ಗೇಣುದ್ದ ಸೀಳು ಬಿತ್ತು. ಕಡೀಕ ಆಕಿನೂ ಬಿಡೋದು ಬಿಟ್ಟಳು ಅನ್ಕೊಂಡೆ. ಆಮ್ಯಾಲ ಹೋಗೇ ಬಿಟ್ಟಳು."

ಹುಮನಾಬಾದದ ಮನೆಯ ಮುಂದೆ ಮಂದಿ ಕೂಡಿದ್ದರು. ನಾವು ಹೋಗುವ ಹೊತ್ತಿಗೆ ಮಣ್ಣಿಗೆ ಒಯ್ಯುವ ತಯಾರಿ ನಡೆದಿತ್ತು. ಕಾಕು ಹತ್ತಿರ ಹೋಗಿ ನೆಗೆಣ್ಣಿಯ ಮುಖ ನೋಡಿದರು, ಹಣೆ ಮುಟ್ಟಿದರು. ಅಳಲಿಲ್ಲ. ಗಂಡಸರು ಹೋದ ಮೇಲೆ ಗೋಡೆಯ ಪಕ್ಕ, ಹಾಸಿದ್ದ ಒಂದು ಸಣ್ಣ ಜಮಖಾನಿಯ ಮೇಲೆ ಕೂತರು. ಕೂತವರ ಕೈ ಸುಮ್ಮನೆ ಅದರ ಅಂಚಿಗೆ ಹೋಯಿತು, ಅಲ್ಲಿಯೇ ನಿಂತಿತು.

ಅಂಚಿನ ಉದ್ದಕ್ಕೂ ಕುಣಿಕೆಗಳು ಜೋತುಬಿದ್ದಿದ್ದವು. ಬಲ ಅಂಚು ಬಿಗಿಯಾಗಿ, ನೆಟ್ಟಗೆ ಇತ್ತು. ಎಡ ಅಂಚಿನಲ್ಲಿ ಮಾತ್ರ ಪ್ರತಿ ಎಳೆಯೂ ತಿರುಗುವಲ್ಲಿ ಸಡಿಲ.

ಸತ್ತವಳ ಮಗಳು ನೀರು ತಂದವಳು ಅದನ್ನು ನೋಡಿ ಸಂಕೋಚಪಟ್ಟಳು. "ಅವ್ವ ಇಲ್ಲಿ ಒಬ್ಬಾಕೇ ನೇಯ್ತಿದ್ದಳು ದೊಡ್ಡವ್ವ. ಎಲ್ಲಾ ಹಿಂಗೇ. ಒಂದು ಬಾಜೂ ಛಲೋ, ಒಂದು ಬಾಜೂ ಜೋತಾಡ್ತದ. ತಗೊಂಡ ಮಂದಿ ಬೈತಿದ್ರು. ಬಿಗಿ ಹಿಡಿ ಅಂದ್ರ, ಕೈ ಕೇಳವಲ್ದು ಅಂತಿದ್ದಳು."

"ಅಂಚು ಕೆಟ್ಟಿಲ್ಲ ತಂಗಿ," ಅಂದರು ಕಾಕು. "ನನಗ ಬಿಟ್ಟಾಳ."

ಆಮೇಲೆ ಅವರು ಬಾಗಿದ ಕಿರುಬೆರಳನ್ನು ಮೊದಲ ಕುಣಿಕೆಯಲ್ಲಿ ಹಾಕಿ ಎತ್ತಿದರು, ಬಿಟ್ಟರು. ಎರಡನೆಯದರಲ್ಲಿ ಹಾಕಿದರು. ಬೆರಳು ಅಳತೆಗೆ ಮಾಡಿಸಿದ ಹಾಗೆ ಒಳಗೆ ಕೂತಿತು. ಹೀಗೆ ಅಂಚಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾಕು ದನಿ ತೆಗೆದು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಏನು ಮಾಡಬೇಕೆಂದು ತಿಳಿಯದೆ ನಾನು ಅವರ ಚಪ್ಪಲಿ ಎಲ್ಲಿವೆ ಎಂದು ಹುಡುಕುತ್ತ ನಿಂತೆ.

ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಮಗ್ಗದ ಮೇಲಿನ ಸೀರೆ ಇರಲಿಲ್ಲ. ಕಾಕು ಹಲಗೆಯ ಎಡತುದಿಗೆ ಕೂತು, ಎಳೆ ಬಡಿಯುವ ಕಬ್ಬಿಣದ ಪಂಜಾಕ್ಕೆ ಎಣ್ಣೆ ಒರೆಸುತ್ತಿದ್ದರು.

"ಬಲಕ್ಕ ಕೂಡು," ಅಂದರು.

"ನನಗ ಬರೋದಿಲ್ರಿ ಕಾಕು."

"ನಿನಗ ಬರಲಾರದ್ದು ನನಗ ಗೊತ್ತದ. ಕೂಡು."

ಕೂತೆ. ಹಲಗೆಯ ಆ ಜಾಗ ಇನ್ನೊಬ್ಬರ ಮೈಗೆ ಸವೆದದ್ದು. ನನಗೆ ಹೊಂದಲು ಬಹಳ ದಿನ ಬೇಕಾಯಿತು. ನನ್ನ ಕೈ ಗುಳಿಗೆಯ ಪಟ್ಟಿ ಕತ್ತರಿಸುವ ಕೈ, ಪಂಜಾ ಎತ್ತಿದರೆ ಮಣಿಕಟ್ಟು ನೋಯುತ್ತಿತ್ತು. ನಾನು ಕುಣಿಕೆ ಒಮ್ಮೆ ದೊಡ್ಡದು ಬಿಡುತ್ತಿದ್ದೆ, ಒಮ್ಮೆ ಮರೆತೇಬಿಡುತ್ತಿದ್ದೆ. ಆಗ ಕಾಕುವಿನ ಕಿರುಬೆರಳು ಬಂದು ಖಾಲಿ ಜಾಗದಲ್ಲಿ ಕಾಯುತ್ತ ನಿಲ್ಲುತ್ತಿತ್ತು. ಬಯ್ಯುತ್ತಿರಲಿಲ್ಲ. ಆ ಬೆರಳನ್ನು ಕಂಡರೆ ನನಗೇ ನಾಚಿಕೆಯಾಗಿ ಎಳೆ ಸಡಿಲಿಸುತ್ತಿದ್ದೆ. ಪಂಜಾದ ಸಪ್ಪಳ ಕೇಳಿ ಮೊದಲು ಎದುರು ಮನೆಯವರು ಬಂದರು. ಆಮೇಲೆ ಒಬ್ಬೊಬ್ಬರೇ ಬೆಳ್ಳುಳ್ಳಿಯ ಮೊರ ಹಿಡಿದುಕೊಂಡು ಬಂದು, ತಮ್ಮ ಮನೆಯ ಎಳೆ ಹಾಕಿ, ನನ್ನ ನೇಯ್ಗೆ ನೋಡಿ ನಕ್ಕು ಹೋಗುತ್ತಿದ್ದರು. ಊರಿಗೆ ಬಂದ ಮೇಲೆ ನನ್ನನ್ನು ನೋಡಿ ನಕ್ಕವರು ಅವರೇ ಮೊದಲು. ನನಗೆ ಅದು ಹಿತವಾಗಿತ್ತು.

ಹಳೆಯ ಸೀಳನ್ನು ಸೂಜಿಯಿಂದ ಹೊಲಿದುಬಿಡೋಣ ಎಂದೆ.

"ಬ್ಯಾಡ. ಆವಾಗ ನಾವು ಹಂಗೇ ಇದ್ದಿವಿ. ಇರ್ಲಿ," ಅಂದರು.

ಜಮಖಾನಿ ಮಗ್ಗದಿಂದ ಇಳಿದಾಗ ಸೊಟ್ಟಗಿತ್ತು. ಸೀಳು ದಾಟಿದ ಮೇಲೆ ಬಲಗಡೆ, ಅಂದರೆ ನನ್ನ ಕಡೆ, ಉಬ್ಬಿ ಉದ್ದವಾಗಿತ್ತು. ನಾನು ಮುಖ ಸಣ್ಣದು ಮಾಡಿಕೊಂಡೆ. ಕಾಕು ಉಬ್ಬಿದಲ್ಲಿ ಅಂಗೈ ಆಡಿಸಿದರು.

"ನೆಟ್ಟಗಿದ್ರ ಯಾರ ಜೋಡಿ ನೇಯ್ದೆ ಅಂತ ಹ್ಯಾಂಗ ಗೊತ್ತಾಗಬೇಕು?"

ಎದುರು ಮನೆಯ ಸೊಸೆ ತುಂಬು ಬಸುರಿ. ಅವಳ ತೊಟ್ಟಿಲಿಗೇ ಅದು ಮೊದಲು ಹೋಗಬೇಕು ಎಂದು ಕಾಕು ಬೇವಿನ ಸೊಪ್ಪು ಹಾಕಿ ಮಡಿಚಿಟ್ಟರು. ಹಾಗೆ ಆಗಲಿಲ್ಲ. ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮೇಲೆ ನನ್ನ ರೇಡಿಯೋ ಹಚ್ಚಿಯೇ ಇತ್ತು. ಚಹಾ ಮಾಡಲೆಂದು ಕೆಳಗೆ ಬಂದು ನೋಡಿದರೆ, ಕಾಕು ಹೊರಸಿನ ಎಡತುದಿಗೆ ಸರಿದು ಮಲಗಿದ್ದರು.

ಓಣಿಯ ಹೆಂಗಸರು ಯಾರನ್ನೂ ಕೇಳದೆ ಜಮಖಾನಿ ತಂದು ಅಂಗಳದಲ್ಲಿ ಹಾಸಿದರು. ನಾನು ಯಾವ ಸಂಬಂಧದವಳೆಂದು ಹೇಳಿಕೊಂಡು ಎಲ್ಲಿ ಕೂಡಬೇಕೋ ಗೊತ್ತಾಗದೆ ನಿಂತಿದ್ದೆ. ಆಮೇಲೆ ನನ್ನ ಜಾಗ ಕಣ್ಣಿಗೆ ಬಿತ್ತು. ಬಲಗಡೆ, ಉಬ್ಬಿದ ನೀಲಿಯ ಮೇಲೆ ಹೋಗಿ ಕೂತೆ. ನನ್ನ ಎಡಗಡೆಯ ಕೆಂಪು ಖಾಲಿ ಇತ್ತು. ಮಂದಿ ತುಂಬುತ್ತ ಬಂದರೂ ಅಲ್ಲಿ ಯಾರೂ ಕೂಡಲಿಲ್ಲ. ನಾನೂ ಯಾರನ್ನೂ ಕರೆಯಲಿಲ್ಲ. ಆ ಜಾಗ ಖಾಲಿ ಇಲ್ಲ ಎಂದು ಕಾಕು ಅಂದದ್ದರ ಅರ್ಥ ನನಗೆ ಆ ಹೊತ್ತಿನಲ್ಲಿ ಪೂರ್ತಿ ಆಯಿತು.

ಹುಮನಾಬಾದದಿಂದ ನೆಗೆಣ್ಣಿಯ ಮಗಳು ಬಂದಳು. ಮುಖ ನೋಡಿ ಬಂದು, ಕೂಡಲು ಜಾಗ ಹುಡುಕುತ್ತ ನನ್ನ ಹತ್ತಿರ ನಿಂತಳು.

"ಇಲ್ಲಿ ಯಾರರ ಕೂಡ್ತಾರೇನ್ರಿ?" ಎಂದು ಕೇಳಿದಳು.

ಖಾಲಿ ಇದ್ದ ಕೆಂಪಿನ ಮೇಲೆ ನನ್ನ ಕೈ ತಾನಾಗಿ ಅಡ್ಡ ಹೋಯಿತು. ಹಲಗೆಯ ಬಲಗಡೆಯನ್ನು ಇಷ್ಟು ವರ್ಷ ಕಾಯ್ದುಕೊಂಡಿದ್ದ ಕಾಕುವೇ, ಏನೂ ಬರಲಾರದ ನನ್ನನ್ನು ಅಲ್ಲಿ ಕೂಡಿಸಿಕೊಂಡಿದ್ದರು.

"ನೀವೇ ಕೂಡ್ರಿ," ಎಂದು ನಾನು ಕೈ ತೆಗೆದು ಬಲಕ್ಕೆ ಸರಿದೆ.