ಸೊಲ್ಲಾಪುರದ ವಾರ್ಡಿಗೆ ನರ್ಸ್ ಹುಡುಕುತ್ತಾ

ವಿಜಯಪುರದಿಂದ ಬೆಳಗಿನ ಬಸ್ಸು ಹಿಡಿದೆ. ಧೂಳಖೇಡದಲ್ಲಿ ಭೀಮಾ ದಾಟುವ ಹೊತ್ತಿಗೆ ಬಿಸಿಲು ಏರಿತ್ತು; ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಸೇತುವೆಯಾಚೆ ಅಂಗಡಿಗಳ ಬೋರ್ಡುಗಳು ಮರಾಠಿಗೆ ತಿರುಗುತ್ತವೆ, ಮಾತು ಮಾತ್ರ ಕನ್ನಡವೇ. ನೂರು ಕಿಲೋಮೀಟರಿಗೆ ಎರಡೂವರೆ ತಾಸು.

ಮೂವತ್ತು ವರ್ಷ ನರ್ಸಿಂಗ್ ಕಲಿಸಿ ನಿವೃತ್ತಳಾದವಳು ನಾನು. ಹಳೆಯ ವಿದ್ಯಾರ್ಥಿನಿ ಶಕುಂತಲಾ ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್. "ಖಾಟ ಅದಾವ, ಔಷಧ ಅದಾವ, ಸಿಸ್ಟರ್ ಇಲ್ಲರಿ ಬಾಯಾರ. ಕನ್ನಡ ಬರೋರಂತೂ ಒಬ್ರೂ ಉಳಿದಿಲ್ಲ," ಎಂದು ಫೋನಿನಲ್ಲಿ ಅತ್ತಿದ್ದಳು. ಅವಳು ಅಳುವವಳಲ್ಲ. ಅದಕ್ಕೇ ಹೊರಟಿದ್ದೆ.

ಹೆಣ್ಣುಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆಂಟು ರೋಗಿಗಳಿಗೆ ಒಬ್ಬಳೇ ನರ್ಸ್, ಲಾತೂರ ಕಡೆಯ ಹುಡುಗಿ. ನಂದೇಶ್ವರದಿಂದ ಬಂದ ಮುದುಕಿಯೊಬ್ಬರು ಹೊಟ್ಟೆ ಹಿಡಿದುಕೊಂಡು ಮುದುಡಿದ್ದರು. "ಪೋಟ್ ದುಖತಯ್ ಕಾ ಆಜಿ?" ಹೊಟ್ಟೆ ನೋಯುತ್ತದಾ ಅಜ್ಜಿ ಎಂದು ಹುಡುಗಿ ಮರಾಠಿಯಲ್ಲಿ ಕೇಳಿದಳು. ಮುದುಕಿ ತಲೆಯಾಡಿಸಿದರು. ಹೊಟ್ಟೆನೋವಿನ ಮಾತ್ರೆ ಬೆಳಿಗ್ಗೆಯೇ ಕೊಟ್ಟಾಗಿತ್ತು. ನಾನು ಪಕ್ಕ ಕೂತು ಕನ್ನಡದಲ್ಲಿ ಕೇಳಿದಾಗ ಮುದುಕಿ ಸೆರಗು ಬಾಯಿಗೆ ಹಿಡಿದು ಪಿಸುಗುಟ್ಟಿದರು: "ನಿನ್ನಿಯಿಂದ ಉಚ್ಚಿ ಬಂದ್ ಆಗೇತಿ ಯವ್ವಾ. ಹ್ಯಾಂಗ ಹೇಳ್ಲಿ ಅಕಿಗಿ?"

ಡಾಕ್ಟರನ್ನು ಕರೆಸಿ ಮೂತ್ರದ ನಳಿಕೆ ಹಾಕಿಸಿದ ಮೇಲೆ ಅವರ ಮುಖ ಸಡಿಲಾಯಿತು. ಲಾತೂರಿನ ಹುಡುಗಿ ಕಣ್ಣೊರೆಸಿಕೊಂಡಳು. ಬೈಯುವ ಮನಸ್ಸಾಗಲಿಲ್ಲ, ಹಿಂದಿನ ಸಂಜೆಯಿಂದ ಆಕೆ ಮನೆಗೇ ಹೋಗಿರಲಿಲ್ಲ.

ಮೊದಲು ಇಲ್ಲಿ ಕನ್ನಡ ಬಲ್ಲ ರೇಖಾ ಎಂಬವಳಿದ್ದಳಂತೆ. ತವರು ನಾಗಣಸೂರ, ನಾಲ್ಕು ವರ್ಷದ ಹಿಂದೆ ಅಕ್ಕಲಕೋಟೆಯ ಕಿರಾಣಿ ವ್ಯಾಪಾರಸ್ಥರ ಮನೆಗೆ ಮದುವೆಯಾಗಿ ಕೆಲಸ ಬಿಟ್ಟಳು. "ಕರಿಯಾಕ ಹೋಗೂಣು," ಎಂದಳು ಶಕುಂತಲಾ.

"ಹನ್ನೆರಡು ತಾಸಿನ ಪಾಳಿಗೆ ಯಾವ ಮನಿಯವರು ಕಳಸ್ತಾರ? ಮುಂಜಾನಿ ಎಂಟರಿಂದ ಎರಡರತನ ಅಂತ ಬರಸ್ಕೊಂಡು ಬಾ. ಇಲ್ಲಾಂದ್ರ ನಾ ಯಾರ ಬಾಗಿಲಾನೂ ತಟ್ಟಂಗಿಲ್ಲ," ಎಂದೆ. ಅವಳು ಆಸ್ಪತ್ರೆಯ ಮಾಲೀಕರ ಕೋಣೆಗೆ ಹೋಗಿ ಒಂದು ತಾಸು ಬಿಟ್ಟು ಚೀಟಿ ಹಿಡಿದು ಬಂದಳು.

ಮರುದಿನ ಇಬ್ಬರೂ ನಲವತ್ತು ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಹೋದೆವು. ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ರೇಖಾಳ ಅತ್ತೆ ಗೌರಾಬಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಆದರದಿಂದಲೇ ನಿರಾಕರಿಸಿದರು: "ದುಕಾನದ ಮನಿತನರಿ ನಮ್ದು. ಸೊಸಿ ಮಂದಿದು ಹೇಲು-ಉಚ್ಚಿ ಬಳ್ಯಾಕ ಹ್ವಾದ್ರ ಪ್ಯಾಟ್ಯಾಗ ಏನಂದಾರು?"

ಒಳಕೋಣೆಯಲ್ಲಿ ರೇಖಾಳ ಮಾವ ಮಲಗಿದ್ದರು. ಪಾರ್ಶ್ವವಾಯು ಬಡಿದು ವರ್ಷವಾಗಿತ್ತು, ಮಾತಿಲ್ಲ. ಅಭ್ಯಾಸಬಲದಿಂದ ನಾನು ಅವರನ್ನು ಹೊರಳಿಸಿ ಬೆನ್ನು ನೋಡಿದೆ. ವರ್ಷ ಮಲಗಿದ ಮೈಯಲ್ಲಿ ಒಂದು ಹುಣ್ಣಿಲ್ಲ, ಒಂದು ಕೆಂಪು ಕಲೆಯೂ ಇಲ್ಲ. ಇಂಥ ಬೆನ್ನನ್ನು ದೊಡ್ಡ ಆಸ್ಪತ್ರೆಗಳಲ್ಲೂ ನಾನು ಅಪರೂಪಕ್ಕೆ ನೋಡಿದ್ದೇನೆ.

"ಯಾರು ಹೊರಳಸ್ತೀರಿ?"

"ನಾನರಿ. ಎರಡು ತಾಸಿಗೊಮ್ಮಿ," ಎಂದಳು ರೇಖಾ. ಕಪಾಟು ತೆರೆದು ನರ್ಸಿಂಗ್ ನೋಂದಣಿಯ ಕಾಗದ ತಂದು ನನ್ನ ಕೈಗಿಟ್ಟಳು. ಅವಧಿ ಮುಗಿದಿರಲಿಲ್ಲ. "ತವರಿಗಿ ಹ್ವಾದಾಗ ರಿನ್ಯೂ ಮಾಡ್ಸೀನ್ರಿ. ನಾ ಕೆಲ್ಸ ಬಿಟ್ಟೀನಿ, ನರ್ಸ್ ಅನ್ನೋದು ಬಿಟ್ಟಿಲ್ಲ." ಅತ್ತೆಗೂ, ಅಂಗಡಿಯಿಂದ ಒಳಗೆ ಬಂದು ನಿಂತಿದ್ದ ಗಂಡನಿಗೂ ಅದು ಹೊಸ ಸುದ್ದಿ.

ಗೌರಾಬಾಯಿ ಗಂಡನ ಹೊದಿಕೆ ಸರಿಪಡಿಸುತ್ತಾ ಕೇಳಿದರು, "ಅಕಿ ಹ್ವಾದ್ರ ಇವರಿಗಿ ಯಾರು?" ಪೇಟೆಯ ಮಂದಿಯ ಮಾತು ಬರೀ ನೆಪವಾಗಿತ್ತು, ನಿಜವಾದ ಅಂಜಿಕೆ ಇದು. ಅದು ನ್ಯಾಯವಾದ ಅಂಜಿಕೆಯೂ ಹೌದು.

ನಾನು ರೇಖಾಳ ಗಂಡ ಸಿದ್ಧಾರಾಮರ ಕಡೆ ನೋಡಿದೆ. "ನೀವು ಕಲೀರಿ. ನಾ ಎರಡು ದಿನ ಇಲ್ಲೇ ಇರ್ತೀನಿ." ಶಕುಂತಲಾ ಒಬ್ಬಳೇ ಸೊಲ್ಲಾಪುರಕ್ಕೆ ಮರಳಿದಳು.

ಸಿದ್ಧಾರಾಮರು ಮೊದಲು ತಂದೆಯ ತೋಳು ಹಿಡಿದೆಳೆದರು, ಮುದುಕರು ನರಳಿದರು. "ಜಗ್ಗಬ್ಯಾಡ್ರಿ. ಭುಜಕ್ಕ ಒಂದು ಕೈ, ಟೊಂಕಕ್ಕ ಒಂದು ಕೈ. ಮೊಣಕಾಲ ನಡುವ ದಿಂಬು ಇಡ್ರಿ." ಮೂರನೆಯ ಸಲ ಸರಿಹೋಯಿತು. ಮೈ ಒರೆಸುವಾಗ ಸಿದ್ಧಾರಾಮರು ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದರು. "ಕಣ್ಣಿಟ್ಟು ನೋಡ್ರಿ. ಹುಣ್ಣು ಸುರು ಆಗೋದು ಕಣ್ಣಿಗೇ ಕಾಣತೈತಿ," ಎಂದೆ. ತಂದೆಯ ಕಡೆ ತಿರುಗಿದರು. ಎರಡನೆಯ ದಿನ ಮುದುಕರು ತಮ್ಮ ಆಡುತ್ತಿದ್ದ ಒಂದು ಕೈಯಿಂದ ಮಗನ ಮಣಿಕಟ್ಟನ್ನು ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ.

"ದುಕಾನ ಬಿಟ್ಟು ಹ್ಯಾಂಗ ಬರ್ತಿಯೋ?" ಎಂದರು ಬಾಗಿಲಲ್ಲಿದ್ದ ಗೌರಾಬಾಯಿ.

"ದುಕಾನ ಏನು ಊರ ಹೊರಗ ಐತೇನವ್ವಾ? ಎರಡು ತಾಸಿಗೊಮ್ಮಿ ಚಾ ಕುಡ್ಯಾಕ ಒಳಗ ಬರ್ತೀನಲ್ಲ."

ಗೌರಾಬಾಯಿ ಮನಸಾರೆ ಒಪ್ಪಲಿಲ್ಲ. "ಆರು ತಿಂಗಳ ನೋಡ್ತೀನಿ," ಎಂದರು. ಅಷ್ಟೇ ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ರೇಖಾಳೂ ನಾನೂ ಸೊಲ್ಲಾಪುರದ ಬಸ್ಸು ಹತ್ತಿದೆವು. ಒಬ್ಬಳು ಬಂದರೆ ಇಪ್ಪತ್ತೆಂಟು ಹಾಸಿಗೆಗಳ ವಾರ್ಡಿನ ನರ್ಸ್ ಕೊರತೆ ನೀಗುವುದಿಲ್ಲ. ನಾಗಣಸೂರಿನಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಇಬ್ಬರು ಹುಡುಗಿಯರ, ಒಬ್ಬ ಹುಡುಗನ ಹೆಸರನ್ನು ದಾರಿಯಲ್ಲೇ ಅವಳಿಂದ ಬರೆದುಕೊಂಡೆ. ನರ್ಸಿಂಗ್ ಕಲಿಯಲು ಕಳಿಸಿ ಎಂದು ಕೇಳಲು ಮುಂದಿನ ತಿಂಗಳು ಅವರ ಮನೆಗಳಿಗೂ ಹೋಗಬೇಕು.

ಏಳಕ್ಕೆ ರೇಖಾಳಿಗೆ ಫೋನು ಬಂತು. ಸಿದ್ಧಾರಾಮರ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಎಡಕ್ಕ ಹೊರಳಿಸೀನಿ. ಅವ್ವನೇ ದಿಂಬು ಕೊಟ್ಲು. ಒಂಬತ್ತಕ್ಕ ಬಲಕ್ಕ, ಖರೆ ಅಲ್ಲಾ?"

"ಖರೆ. ಹಿಮ್ಮಡಾನೂ ನೋಡ್ರಿ," ಎಂದು ರೇಖಾ ಫೋನಿಟ್ಟು ಕಿಟಕಿಯತ್ತ ತಿರುಗಿದಳು.

ವಿಜಾಪುರ ರಸ್ತೆಯಲ್ಲಿ ಆಸ್ಪತ್ರೆಯ ಮುಂದೆ ರಿಕ್ಷಾ ನಿಂತಿತು. ಅವಳು ಇಳಿದು ನನ್ನ ಪಾದ ಮುಟ್ಟಿದಳು, ಮೆಟ್ಟಿಲು ಹತ್ತಿದಳು. ನಾನು ತಿರುಗಿ ಕೈಯೆತ್ತುವುದರೊಳಗೆ ಒಳಗೆ ಹೋಗಿಯಾಗಿತ್ತು. ಎಂಟರ ಪಾಳಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.