ಚೀಟಿಯಿಲ್ಲದ ಕಲ್ಲು

ನಮ್ಮ ಭೂವಿಜ್ಞಾನದ ಸರ್ ಪ್ರತಿ ಕಲ್ಲನ್ನೂ ಅಂಗಿಯ ತುದಿಗೆ ಒರೆಸಿಯೇ ಚೀಲಕ್ಕೆ ಹಾಕುತ್ತಿದ್ದರು. "ಕಲ್ಲು ಎಲ್ಲಿ ಸಿಕ್ತು ಅಂತ ಎತ್ತಿದಲ್ಲೇ ನಿಂತು ಚೀಟಿ ಬರಿ, ನೆನಪು ಪುರಾವೆ ಅಲ್ಲ" ಎನ್ನುವುದು ಅವರ ದಿನದ ಮಾತು.

ಜೋಯಿಡಾದ ಕಾಡಿರುವಲ್ಲಿ ಒಂದು ಕಾಲಕ್ಕೆ ಕಡಲಿತ್ತು, ಅದರ ತಳ ಭೂಮಿಯೊಳಗೆ ಜಾರಿಹೋಯಿತು, ಆಗ ಆಳದಲ್ಲಿ ಕರಗಿ ಮೇಲೆದ್ದು ಗಟ್ಟಿಯಾದ ಕಲ್ಲೇ ಸಾಕ್ಷಿ ಎಂದು ಅವರು ನಂಬಿದ್ದರು. ನಿವೃತ್ತಿಗೆ ಮುಂಚಿನ ಕೊನೆಯ ತಿರುಗಾಟದಲ್ಲಿ, ಕಾಡಿನ ಪರವಾನಗಿ ಮುಗಿಯುವ ದಿನ, ಮೊಣಕಾಲು ನೋವಿನಿಂದ ಹೊಳೆಗೆ ಇಳಿಯಲಾರದೆ, ಎರಡೂ ದಂಡೆಯ ಕಲ್ಲು ತರಲು ನನ್ನನ್ನು ಕಳಿಸಿದರು. ಬಂಡೆಗಳು ಜಾರುತ್ತಿದ್ದವು. ನಾನು ಚೀಟಿಗಳನ್ನು ಆಮೇಲೆ ಬರೆದೆ.

ಕುಳಗಿಯ ಬಿಡಾರದಲ್ಲಿ ಚೀಲ ಬಿಚ್ಚಿದಾಗ ಅವರು ವರ್ಷಗಟ್ಟಲೆ ಹುಡುಕಿದ್ದ ಕಲ್ಲು ಅದರಲ್ಲಿತ್ತು. ಅದರ ಚೀಟಿಗೆ ಒಂದು ಹನಿ ನೀರೂ ತಾಗಿರಲಿಲ್ಲ.

"ಇದನ್ನ ಹೊಳಿಯಾಗ ನಿಂತು ಬರದೀಯೇನು, ತಂಗಿ?"

"ಜೀಪಿನಾಗ ಬರದೇನ್ರಿ ಸರ್. ಎಡದಂಡಿದ ಇರಬೇಕ್ರಿ."

"ಇರಬೇಕು." ಅವರು ನಕ್ಕರು. "ಮುಳುಗಿದ ಕಡಲಿನ ಸುದ್ದಿ ಹೇಳಾಕ ಹೊಂಟೇವಿ, ಇವತ್ತ ಎತ್ತಿದ ಕಲ್ಲಿನ ದಂಡಿ ಗೊತ್ತಿಲ್ಲ."

ಚೀಟಿ ಹರಿದು, ಕಲ್ಲನ್ನು ನನ್ನ ಕೈಗಿಟ್ಟರು.

ಅವರು ಮತ್ತೆ ಕಾಡಿಗೆ ಹೋಗಲಿಲ್ಲ, ಆ ಕಡಲಿನ ಬಗ್ಗೆ ಪ್ರಬಂಧ ಬರೆಯಲೂ ಇಲ್ಲ. ಈಗ ಅವರಿಲ್ಲ. ಕಲ್ಲು ನನ್ನ ಮೇಜಿನ ಮೇಲಿದೆ. ಆ ದಿನ ಅವರು ನಕ್ಕರು ಎಂದೆನಲ್ಲ, ಅದನ್ನೂ ನಾನು ಅಲ್ಲೇ ನಿಂತು ಬರೆದಿಟ್ಟಿರಲಿಲ್ಲ.