ಬಣ್ಣ ಬಳಿದ ಬೋಲ್ಟು

ಮೊನ್ನೆ ಆಯುಧಪೂಜೆಗೆ ಅಕ್ಕನ ಮಗ ತನ್ನ ಕಾರಿಗೆ ಬಣ್ಣ ಹೊಡೆಸಿಕೊಂಡು ಬಂದ. ಆ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ವಕ್ಕಲೇರಿಯಲ್ಲಿ ಎದುರುಮನೆಯವರ ಕಾರು ಓಡಿಸುತ್ತಿದ್ದ ಡ್ರೈವರಣ್ಣ ನೆನಪಾದರು...

ಚೀನಾ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನನಗಾಗ ಹದಿನೆಂಟು. ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕನಿಗೆ ಬೆಳಗಿನಿಂದ ನೋವು. ಮಗು ಅಡ್ಡ ತಿರುಗಿದೆ, ಕೋಲಾರದ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಊರಿಗಿದ್ದದ್ದು ಅದೊಂದೇ ಕಾರು. ನಾಲ್ಕು ದಿನದ ಹಿಂದೆ ಪೂಜೆಯಾಗಿ ಹೊಸ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಅಕ್ಕನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಗಾಡಿ ಗುಂಡಿಗೆ ಧಡ್ಡೆಂದು ಬಿತ್ತು. ಇಂಜಿನ್ ನಿಂತೇಹೋಯಿತು.

ಡ್ರೈವರಣ್ಣ ಹ್ಯಾಂಡಲ್ ಹಾಕಿ ತಿರುಗಿಸಿದರು. ಊಹೂಂ. ಹಾರನ್ ಇಲ್ಲ, ದೀಪವೂ ಇಲ್ಲ. ಬ್ಯಾಟರಿಯ ತುದಿ ಉಜ್ಜಿದರು, ಒಂದೊಂದೇ ವೈರು ಎಳೆದು ನೋಡಿದರು. ಅಕ್ಕ ಕಿರುಚಿದರೆ ಭಯ, ಸುಮ್ಮನಾದರೆ ಇನ್ನೂ ಭಯ. ಕೊನೆಗೆ ತುಂಡು ತಂತಿಯೊಂದನ್ನು ಬ್ಯಾಟರಿಯಿಂದ ಗಾಡಿಯ ಬರಿ ಕಬ್ಬಿಣಕ್ಕೆ ಮುಟ್ಟಿಸಿದರು. ಸ್ವಿಚ್ ಹಾಕಿಟ್ಟಿದ್ದ ದೀಪ ಹತ್ತಿತು. ಅವರ ಮುಖ ಕಪ್ಪಿಟ್ಟಿತು.

"ಅಯ್ಯೋ ದೇವುಡಾ... ನಂದೇ ತಪ್ಪು ಅಮ್ಮಣ್ಣಿ. ಕರೆಂಟು ಗಾಡಿ ಮೈಯಿಂದ್ಲೇ ಬ್ಯಾಟರಿಗೆ ವಾಪಸ್ ಬರ್ಬೇಕು. ಪೂಜೆಗೆ ಅಂತ ಬ್ಯಾಟರಿ ತಂತಿ ಗಾಡಿ ಮೈಗೆ ಸೇರೋ ಅರ್ತ್ ಬೋಲ್ಟಿನ ಜಾಗಕ್ಕೂ ಬಣ್ಣ ಬಳ್ದು, ಅದ್ರ ಮೇಲೇ ಬಿಗ್ದುಬಿಟ್ಟೆ! ಬಣ್ಣದಲ್ಲಿ ಕರೆಂಟು ಹರಿಯಲ್ಲ; ಅಷ್ಟೋ ಇಷ್ಟೋ ತಾಕ್ತಿದ್ದದ್ದೂ ಗುಂಡಿಗೆ ಬಿದ್ದಾಗ ಬಿಟ್ಹೋಯ್ತು."

"ಅಕ್ಕನಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ ಕಣೋ!" ಎಂದು ಅರಚಿದೆ. ಅಪ್ಪನ ವಯಸ್ಸಿನವರನ್ನು ಏಕವಚನದಲ್ಲಿ! ಅವರು ಆಗಲೇ ಬಾನೆಟ್ಟಿನೊಳಗೆ ಬಾಗಿದ್ದರು. ಬೋಲ್ಟು ಬಿಚ್ಚಿ ಚಾಕುವಿನಿಂದ ಬಣ್ಣ ಕೆರೆದರು. ಬೆರಳು ಕುಯ್ದು ರಕ್ತ ಬಂದರೂ ನಿಲ್ಲಿಸಲಿಲ್ಲ. ಮತ್ತೆ ಬಿಗಿದು ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಗುರ್ರೆಂದಿತು.

ಇನ್ನು ಸ್ವಲ್ಪ ತಡವಾಗಿದ್ದರೂ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಗಂಡು ಮಗು. ಹೊರಗೆ ಬಂದೆ. ಡ್ರೈವರಣ್ಣ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಾನೆಟ್ ಎತ್ತಿ, ಇನ್ನೂ ಬಣ್ಣ ಕೆರೆಯುತ್ತಲೇ ಇದ್ದರು.

"ದೊಡ್ಡಮ್ಮಣ್ಣಿ ಹೆಂಗವ್ರೆ?"

"ಚೆನ್ನಾಗವ್ಳೆ," ಎಂದೆ. ತಪ್ಪಾಯ್ತು ಅನ್ನಲು ಬಾಯಿ ಬರಲಿಲ್ಲ. ಬಿಂಕ, ಇನ್ನೇನು! ನಾಳೆ ಹೇಳಿದರಾಯಿತು ಅಂದುಕೊಂಡೆ... ನಾಳೆ, ನಾಡಿದ್ದು ಅನ್ನುವಷ್ಟರಲ್ಲಿ ಅವರು ಸಂಕ್ರಾಂತಿಗೆ ಮುಂಚೆಯೇ ಜ್ವರದಲ್ಲಿ ಹೋಗಿಬಿಟ್ಟರು.

"ಲೇ, ಅರ್ತ್ ಬೋಲ್ಟಿಗೂ ಬಣ್ಣ ಹೊಡ್ಸಿದ್ದೀಯೇನೋ?" ಎಂದು ಮೊನ್ನೆ ಅಕ್ಕನ ಮಗನನ್ನು ಕೇಳಿದೆ. "ನಿಂಗ್ಯಾಕೆ ಚಿಕ್ಕಮ್ಮ ಅದೆಲ್ಲ?" ಎಂದು ಜೋರಾಗಿ ನಕ್ಕ. ನಗುವುದಕ್ಕೆ ಅಂದು ಹುಟ್ಟಿದ ಅವನಿದ್ದಾನೆ. ತಪ್ಪಾಯ್ತು ಎಂದು ಕೇಳಿಸಿಕೊಳ್ಳಬೇಕಾದವರು ಇಲ್ಲ.